ಐದನೆಯ ಕುರ್ಚಿ ಯಾರಿಗೆ?

ಚೆಸ್ ಒಲಿಂಪಿಯಾಡ್‌ನ ಮಹಿಳಾ ವಿಭಾಗಕ್ಕೆ ಒಂದು ದೇಶ ಐವರನ್ನು ಕಳಿಸುತ್ತದೆ. ಪ್ರತಿ ಸುತ್ತಿನಲ್ಲಿ ನಾಲ್ವರು ಆಡುತ್ತಾರೆ, ಒಬ್ಬರು ಹೊರಗೆ ಕೂರುತ್ತಾರೆ. ಈ ಐವರಲ್ಲಿ ಮೊದಲ ಇಬ್ಬರು ಮೂವರು ಯಾರು ಎಂಬ ಬಗ್ಗೆ ಸಾಮಾನ್ಯವಾಗಿ ತಕರಾರೇ ಇರುವುದಿಲ್ಲ. ಆಟ ಬಲ್ಲ ಹತ್ತು ಮಂದಿಯನ್ನು ಬೇರೆ ಬೇರೆಯಾಗಿ ಕೇಳಿದರೂ ಅವೇ ಹೆಸರುಗಳು ಬರುತ್ತವೆ. ನಿಯಮ ಹೇಗೇ ಬರೆದರೂ ಅವರು ತಂಡದಲ್ಲಿರುತ್ತಾರೆ. ನಿಯಮಕ್ಕೆ ನಿಜವಾದ ಕೆಲಸ ಬೀಳುವುದು ನಾಲ್ಕನೆಯ, ಐದನೆಯ ಕುರ್ಚಿಗೆ. ಅಲ್ಲಿ ಆರೇಳು ಮಂದಿ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿರುತ್ತಾರೆ. ಕೊನೆಯ ಕುರ್ಚಿಗಳಲ್ಲವೇ, ಯಾರು ಕೂತರೇನು ಎನ್ನುವವರು 2024ರ ಬುಡಾಪೆಸ್ಟ್ ಒಲಿಂಪಿಯಾಡ್‌ನ ಅಂಕಪಟ್ಟಿಯನ್ನು ಒಮ್ಮೆ ತೆರೆದು ನೋಡಬೇಕು. ಕೊನೇರು ಹಂಪಿ ಆ ಸಲ ಆಡಲಿಲ್ಲ. ಹರಿಕಾ, ವೈಶಾಲಿ, ದಿವ್ಯಾ ದೇಶಮುಖ್, ವಂತಿಕಾ ಅಗರವಾಲ್, ತಾನಿಯಾ ಸಚ್‌ದೇವ್ ಇದ್ದ ಭಾರತದ ತಂಡ ಎಂಟನೆಯ ಸುತ್ತಿನಲ್ಲಿ ಪೋಲೆಂಡಿಗೆ ಸೋತಿತು. ಒಂಬತ್ತನೆಯ ಸುತ್ತಿನಲ್ಲಿ ಅಮೆರಿಕದ ಎದುರು ವೈಶಾಲಿ ಸೋತರು. ಮತ್ತೆ ಸೋಲು ಎನ್ನುವ ಹೊತ್ತಿಗೆ ನಾಲ್ಕನೆಯ ಕುರ್ಚಿಯ ವಂತಿಕಾ ಐರಿನಾ ಕ್ರಷ್ ಅವರನ್ನು ಸೋಲಿಸಿ ಪಂದ್ಯವನ್ನು 2-2ಕ್ಕೆ ತಂದರು. ಕೊನೆಗೆ ಭಾರತಕ್ಕೆ 19 ಪಂದ್ಯಾಂಕ, ಕಝಾಕಿಸ್ತಾನಕ್ಕೆ 18, ಅಮೆರಿಕಕ್ಕೆ 17. ವಂತಿಕಾ ಗೆದ್ದ ಆ ಒಂದು ಗೇಮು ಡ್ರಾ ಆಗಿದ್ದರೆ ಭಾರತ ಒಂದು ಪಂದ್ಯಾಂಕ ಕಳೆದುಕೊಳ್ಳುತ್ತಿತ್ತು, ಅಮೆರಿಕ ಒಂದನ್ನು ಗಳಿಸುತ್ತಿತ್ತು, ಮೂರೂ ದೇಶಗಳು 18ರಲ್ಲಿ ಸಮನಾಗಿ ಟೈಬ್ರೇಕ್ ಲೆಕ್ಕಕ್ಕೆ ಕಾಯಬೇಕಾಗುತ್ತಿತ್ತು. ಭಾರತದ ಮಹಿಳೆಯರ ಮೊದಲ ಒಲಿಂಪಿಯಾಡ್ ಚಿನ್ನ ನಾಲ್ಕನೆಯ ಕುರ್ಚಿಯ ಒಂದು ಗೇಮಿನ ಮೇಲೆ ನಿಂತಿತ್ತು.

ಹಾಗಾದರೆ ಆ ಕುರ್ಚಿಗಳಿಗೆ ಯಾರನ್ನು ಪರಿಗಣಿಸಬೇಕು, ಯಾರನ್ನು ಪರಿಗಣಿಸಬಾರದು ಎನ್ನುವ ಅರ್ಹತಾ ನಿಯಮಗಳು ಹೇಗಿರಬೇಕು? ನನ್ನ ವಾದ ಸರಳವಾದದ್ದು. ಅರ್ಹತೆಯ ನಿಯಮ ಆಟಗಾರ್ತಿಯನ್ನು ಒಂದೇ ಪ್ರಶ್ನೆ ಕೇಳಬೇಕು: ನಿನ್ನ ಇವತ್ತಿನ ಶಕ್ತಿ ಎಷ್ಟು ಎಂದು ತಿಳಿಯಲು ಸಾಕಾಗುವಷ್ಟು ಆಟ ನಮ್ಮ ಕಣ್ಣ ಮುಂದೆ ಇದೆಯೇ? ಇದೆ ಎಂದಾದರೆ ಆಕೆ ಅರ್ಹಳು. ಎಲ್ಲಿ ಆಡಿದೆ, ಯಾರ ಟೂರ್ನಿಗೆ ಬಂದೆ, ಕಳೆದ ಸಲ ಕರೆದಾಗ ಯಾಕೆ ಬರಲಿಲ್ಲ, ಮಗುವಿಗೆ ಎಷ್ಟು ತಿಂಗಳು, ವಯಸ್ಸೆಷ್ಟು ಎಂಬ ಪ್ರಶ್ನೆಗಳೆಲ್ಲ ನಿಯಮಾವಳಿಯಿಂದ ಹೊರಗಿರಬೇಕು. ಮಹಿಳಾ ವಿಭಾಗದಲ್ಲಿ ಯಾರು ಆಡಬಹುದು ಎಂಬ ಮೂಲ ಪ್ರಶ್ನೆಯನ್ನು ತೀರ್ಮಾನಿಸುವುದು ವಿಶ್ವ ಸಂಸ್ಥೆ ಫಿಡೆ. ಅದು ಬೇರೆಯೇ ಚರ್ಚೆ. ಆ ವಿಭಾಗದಲ್ಲಿ ಆಡುವ ಹಕ್ಕಿರುವವರ ನಡುವೆ ದೇಶವೊಂದು ತನ್ನ ಐವರನ್ನು ಹೇಗೆ ಆರಿಸಿಕೊಳ್ಳಬೇಕು ಎಂಬುದಷ್ಟೇ ಇಲ್ಲಿನ ಮಾತು. ಒಂದೇ ಪ್ರಶ್ನೆ ಸಾಕು ಎನ್ನುವುದು ತೀರಾ ಸಲೀಸಾಗಿ ಕೇಳಬಹುದು. ಆದರೆ ಮಹಿಳಾ ಚೆಸ್ಸಿನ ಚರಿತ್ರೆಯನ್ನು ತಿರುವಿದರೆ ತಪ್ಪು ನಡೆದಿರುವುದೆಲ್ಲ ಎರಡನೆಯ, ಮೂರನೆಯ ಪ್ರಶ್ನೆಗಳನ್ನು ಸೇರಿಸಿದಾಗಲೇ.

ಮಹಿಳೆಯರ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದದ್ದು 1974ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಗೆದ್ದವರು ಮುಂಬಯಿಯ ವಾಸಂತಿ ಖಾಡಿಲ್ಕರ್. ಮುಂದೆ ಹತ್ತು ವರ್ಷ ಆ ಪಟ್ಟ ವಾಸಂತಿ, ಜಯಶ್ರೀ, ರೋಹಿಣಿ ಎಂಬ ಮೂವರು ಅಕ್ಕತಂಗಿಯರ ಮನೆ ಬಿಟ್ಟು ಕದಲಲಿಲ್ಲ. ಅವರಲ್ಲಿ ಕಿರಿಯಳಾದ ರೋಹಿಣಿ 1976ರಲ್ಲಿ, ಇನ್ನೂ ಹದಿಮೂರರ ಹುಡುಗಿ, ಪುರುಷರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಆಡಿದಳು. ದೊಡ್ಡ ಗದ್ದಲವಾಯಿತು. ತಂದೆ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಹೆಣ್ಣೆಂಬ ಕಾರಣಕ್ಕೆ ರಾಷ್ಟ್ರೀಯ, ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಯಾರನ್ನೂ ಹೊರಗಿಡುವಂತಿಲ್ಲ ಎಂದು ಆಗ ಫಿಡೆ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಯೂವೆ ಹೇಳಬೇಕಾಯಿತು. ಈ ಎರಡು ಘಟನೆಗಳ ನಡುವಿನ ಅಂತರ ಎರಡೇ ವರ್ಷ ಎನ್ನುವುದನ್ನು ಗಮನಿಸಬೇಕು. ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಲೆಂದು ಶುರುವಾದ ಪ್ರತ್ಯೇಕ ಸ್ಪರ್ಧೆ ಎರಡೇ ವರ್ಷದಲ್ಲಿ 'ನಿನ್ನ ಜಾಗ ಅಲ್ಲಿದೆಯಲ್ಲ, ಇಲ್ಲಿಗೇಕೆ ಬಂದೆ' ಎನ್ನುವುದಕ್ಕೆ ನೆಪವಾಗಿಬಿಟ್ಟಿತ್ತು. ಪ್ರತ್ಯೇಕ ವಿಭಾಗ ಬೇಡ ಎಂದು ನಾನು ಇದರಿಂದ ತೀರ್ಮಾನಿಸುವುದಿಲ್ಲ. ಅದಿಲ್ಲದಿದ್ದರೆ ಖಾಡಿಲ್ಕರ್ ಸಹೋದರಿಯರ ಹೆಸರೇ ನಮಗೆ ಗೊತ್ತಾಗುತ್ತಿರಲಿಲ್ಲ. ಆದರೆ ಅದನ್ನು ಬೇಲಿಯಾಗಿ ಬಳಸುವ ಚಪಲ ಆಡಳಿತಗಾರರಲ್ಲಿ ಮೊದಲಿನಿಂದಲೂ ಇದೆ ಎನ್ನುವುದು ನೆನಪಿರಬೇಕು.

ಹಂಗೇರಿಯಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯಿತು. ಪೋಲ್ಗಾರ್ ಸಹೋದರಿಯರಲ್ಲಿ ಹಿರಿಯಳಾದ ಝುಝ್ಸಾ ಮಹಿಳೆಯರ ಟೂರ್ನಿಗಳಿಗಿಂತ ಗಂಡಸರ ಜೊತೆಗಿನ ಟೂರ್ನಿಗಳಲ್ಲೇ ಹೆಚ್ಚು ಆಡಿ ರೇಟಿಂಗ್ ಗಳಿಸಿದವಳು. ಮಹಿಳೆಯರು ತಮ್ಮತಮ್ಮಲ್ಲೇ ಆಡಿಕೊಳ್ಳುವುದರಿಂದ ಅವರ ರೇಟಿಂಗ್ ಇರಬೇಕಾದ್ದಕ್ಕಿಂತ ಕೆಳಗಿದೆ ಎಂಬ ಲೆಕ್ಕಾಚಾರದ ಮೇಲೆ 1986ರ ಕೊನೆಯಲ್ಲಿ ಫಿಡೆ ಎಲ್ಲ ಸಕ್ರಿಯ ಆಟಗಾರ್ತಿಯರಿಗೂ 100 ಅಂಕ ಸೇರಿಸಿತು, ಝುಝ್ಸಾ ಒಬ್ಬಳನ್ನು ಬಿಟ್ಟು. ಗಂಡಸರ ಎದುರು ಗಳಿಸಿದ ಅವಳ ರೇಟಿಂಗ್ ಸರಿಯಾಗಿಯೇ ಇದೆ ಎಂಬುದು ಕೊಟ್ಟ ಕಾರಣ. 1987ರ ಜನವರಿ ಪಟ್ಟಿಯಲ್ಲಿ ಅವಳು ಮಹಿಳೆಯರ ಮೊದಲ ಸ್ಥಾನದಿಂದ ಕೆಳಗಿಳಿದಳು. ಮಾಯಾ ಚಿಬುರ್ದಾನಿಝೆ ಮೇಲೇರಿದರು. ಪ್ರತ್ಯೇಕ ಗುಂಪುಗಳಲ್ಲಿ ರೇಟಿಂಗ್ ಹೊಂದಾಣಿಕೆ ತಪ್ಪುತ್ತದೆ ಎಂಬ ತರ್ಕದಲ್ಲಿ ಹುರುಳಿತ್ತು. ಆದರೆ ಅದರ ದಂಡ ತೆತ್ತವಳು ಎಲ್ಲರಿಗಿಂತ ಕಠಿಣ ದಾರಿ ಹಿಡಿದಿದ್ದ ಹುಡುಗಿ. ಇದಾದ ಎರಡು ವರ್ಷಕ್ಕೆ, 1988ರಲ್ಲಿ, ಥೆಸ್ಸಲೊನೀಕಿಯ ಒಲಿಂಪಿಯಾಡ್‌ಗೆ ಹಂಗೇರಿ ಝುಝ್ಸಾ, ಯುದಿತ್, ಝೋಫಿಯಾ ಮೂವರನ್ನೂ ಇಲ್ಡಿಕೋ ಮಾದ್ಲ್ ಜೊತೆ ಮಹಿಳಾ ತಂಡದಲ್ಲಿ ಕೂರಿಸಿತು. 1957ರಲ್ಲಿ ಮಹಿಳಾ ಒಲಿಂಪಿಯಾಡ್ ಶುರುವಾದಾಗಿನಿಂದ ಸೋವಿಯತ್ ಒಕ್ಕೂಟ ತಾನು ಆಡಿದ ಒಂದನ್ನೂ ಬಿಟ್ಟುಕೊಟ್ಟಿರಲಿಲ್ಲ. ಆ ಸಲ ಬಿಟ್ಟುಕೊಟ್ಟಿತು. ಎರಡನೆಯ ಬೋರ್ಡಿನಲ್ಲಿ ಹನ್ನೆರಡು ವರ್ಷದ ಯುದಿತ್ 13 ಗೇಮುಗಳಲ್ಲಿ ಗಳಿಸಿದ್ದು ಹನ್ನೆರಡೂವರೆ ಅಂಕ. ಮಹಿಳೆಯರ ಟೂರ್ನಿಗಳಿಂದ ದೂರವಿದ್ದು ಬೆಳೆದವರೇ ಮಹಿಳಾ ತಂಡಕ್ಕೆ ಚಿನ್ನ ತಂದುಕೊಟ್ಟರು. 1990ರಲ್ಲಿ ಮತ್ತೊಮ್ಮೆ ಗೆದ್ದ ಮೇಲೆ ಯುದಿತ್ ಓಪನ್ ತಂಡಕ್ಕೇ ಹೋಗಿಬಿಟ್ಟರು. 2002ರಲ್ಲಿ, 2014ರಲ್ಲಿ ಅಲ್ಲಿಯೂ ಬೆಳ್ಳಿ ಗೆದ್ದರು.

ಇಲ್ಲಿಂದ ಮೊದಲ ಷರತ್ತಿಗೆ ಬರೋಣ. ಮಹಿಳಾ ತಂಡಕ್ಕೆ ಬರಬೇಕಾದರೆ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಶಿಪ್ ಆಡಿರಲೇಬೇಕು ಎಂಬ ಕಡ್ಡಾಯ ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ದೊಡ್ಡವರು ಬಾರದಿದ್ದರೆ ರಾಷ್ಟ್ರೀಯ ಸ್ಪರ್ಧೆ ಸೊರಗುತ್ತದೆ, ಪ್ರಾಯೋಜಕರು ಮುಖ ತಿರುಗಿಸುತ್ತಾರೆ, ಸಣ್ಣ ಊರಿನಿಂದ ಬಂದ ಹುಡುಗಿಗೆ ಗ್ರ್ಯಾಂಡ್‌ಮಾಸ್ಟರ್ ಎದುರು ಕೂರುವ ವರ್ಷದ ಒಂದೇ ಅವಕಾಶವೂ ತಪ್ಪುತ್ತದೆ. ಈ ಆಕ್ಷೇಪಣೆ ಬಲವಾದದ್ದು, ಅದರಲ್ಲೂ ಕೊನೆಯ ಅಂಶ. ಯುರೋಪಿನ ಓಪನ್ ಟೂರ್ನಿಗಳಿಗೆ ತಿಂಗಳುಗಟ್ಟಲೆ ಹೋಗಿ ಬರುವ ಖರ್ಚು ಎಲ್ಲ ಮನೆಗಳಿಗೂ ಎಟುಕುವುದಿಲ್ಲ. ಅಂಥವಳಿಗೆ ತನ್ನ ಶಕ್ತಿ ತೋರಿಸಲು ದೇಶದೊಳಗಿನ ಸ್ಪರ್ಧೆಯೇ ಗತಿ. ಆದರೂ ಕಡ್ಡಾಯ ಇದಕ್ಕೆ ಮದ್ದಲ್ಲ. ಬಲವಾದ ಓಪನ್ ಟೂರ್ನಿಯೊಂದರಲ್ಲಿ ಗ್ರ್ಯಾಂಡ್‌ಮಾಸ್ಟರ್ ನಾರ್ಮ್‌ನ ಬೆನ್ನು ಹತ್ತಿರುವ ಆಟಗಾರ್ತಿಯನ್ನು ಅದೇ ವಾರ ತನಗಿಂತ ಇನ್ನೂರು ಮುನ್ನೂರು ಅಂಕ ಕೆಳಗಿರುವವರ ಜೊತೆ ಆಡಲು ಎಳೆದು ತಂದರೆ ಕಳೆದುಕೊಳ್ಳುವುದು ತಂಡವೇ. ಭಾರತದಲ್ಲಿ ಎಂಬತ್ತೆಂಟು ಗ್ರ್ಯಾಂಡ್‌ಮಾಸ್ಟರ್‌ಗಳು ಆಗುವ ಹೊತ್ತಿಗೆ ಅವರಲ್ಲಿ ಮಹಿಳೆಯರು ನಾಲ್ವರೇ: 2002ರಲ್ಲಿ ಹಂಪಿ, 2011ರಲ್ಲಿ ಹರಿಕಾ, 2023ರ ಕೊನೆಯಲ್ಲಿ ವೈಶಾಲಿ, 2025ರಲ್ಲಿ ಮಹಿಳಾ ವಿಶ್ವಕಪ್ ಗೆದ್ದು ದಿವ್ಯಾ. ಸಂಖ್ಯೆ ಇಷ್ಟು ಕಡಿಮೆಯಿರುವಾಗ ಬೆಳೆಯುತ್ತಿರುವವಳ ಒಂದೊಂದು ತಿಂಗಳಿಗೂ ಬೆಲೆಯಿದೆ. ರಾಷ್ಟ್ರೀಯ ಸ್ಪರ್ಧೆಯನ್ನು ಉಳಿಸುವ ದಾರಿ ಬೇರೆ: ಅದಕ್ಕೊಂದು ಒಳ್ಳೆಯ ಬಹುಮಾನ, ಬೇರೆ ಟೂರ್ನಿಗಳ ಜೊತೆ ಘರ್ಷಿಸದ ತಾರೀಕು, ಮತ್ತು ಚಾಂಪಿಯನ್ ಆದವಳು ಬೇರೆ ಯಾವ ಲೆಕ್ಕಕ್ಕೂ ಸಿಗದಿದ್ದರೂ ತಂಡದ ಪರಿಗಣನೆಗೆ ಬರುತ್ತಾಳೆ ಎಂಬ ಖಾತರಿ. ಹೀಗೆ ಮಾಡಿದರೆ ಬಡಮನೆಯ ಹುಡುಗಿಗೂ ಬಾಗಿಲು ತೆರೆದಿರುತ್ತದೆ, ಮೇಲೇರುತ್ತಿರುವವಳಿಂದ ಸುಂಕ ವಸೂಲಿಯೂ ಆಗುವುದಿಲ್ಲ.

ಎಲ್ಲ ಬಿಟ್ಟು ರೇಟಿಂಗ್ ಪಟ್ಟಿ ತೆಗೆದು ಮೇಲಿನ ಐವರನ್ನು ಎಣಿಸಿಬಿಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ. ರೇಟಿಂಗ್‌ಗೆ ಮುಲಾಜಿಲ್ಲ, ಅದು ಯಾರ ಮಗಳು, ಯಾವ ರಾಜ್ಯ ಎಂದು ನೋಡುವುದಿಲ್ಲ. ಆಯ್ಕೆ ಸಮಿತಿಗಳ ಮುಚ್ಚಿದ ಕೋಣೆಗಳನ್ನು ನೋಡಿ ಬೇಸತ್ತವರಿಗೆ ಅದೇ ಸಾಕೆನ್ನಿಸುವುದು ಸಹಜ, ಮೊದಲ ಮೂರು ಕುರ್ಚಿಗಳಿಗೆ ಅದು ಸಾಕು ಕೂಡ. ಆದರೆ ಐದನೆಯ ಕುರ್ಚಿಯ ಹತ್ತಿರ ನಿಂತು ಆ ಸಂಖ್ಯೆಗಳನ್ನು ಸ್ವಲ್ಪ ಬಗ್ಗಿ ನೋಡಬೇಕು. ಒಬ್ಬಳ ರೇಟಿಂಗ್ 2376, ಇನ್ನೊಬ್ಬಳದು 2369 ಎಂದಿಟ್ಟುಕೊಳ್ಳಿ. ನಡುವೆ ಏಳು ಅಂಕ. ರೇಟಿಂಗ್‌ನ ಸೂತ್ರದ ಪ್ರಕಾರ ಇವರಿಬ್ಬರೂ ನೂರು ಗೇಮು ಆಡಿದರೆ ಮೇಲಿನವಳಿಗೆ ಸಿಗಬಹುದಾದದ್ದು ಸುಮಾರು 51 ಅಂಕ, ಕೆಳಗಿನವಳಿಗೆ 49. ಇನ್ನೊಂದು ವಿಷಯವೂ ಇದೆ. ಒಮ್ಮೆಯೂ 2400 ಮುಟ್ಟದ ವಯಸ್ಕ ಆಟಗಾರ್ತಿಯ ರೇಟಿಂಗ್ ಏರಿಳಿತಕ್ಕೆ ಫಿಡೆ ಬಳಸುವ ಗುಣಕ 20. ಒಮ್ಮೆ ಮುಟ್ಟಿದವಳಿಗೆ, ಆಮೇಲೆ ಕೆಳಗಿಳಿದರೂ, ಅದು 10. ಹದಿನೆಂಟರೊಳಗಿನ, 2300ಕ್ಕಿಂತ ಕೆಳಗಿರುವ ಹುಡುಗಿಗೆ 40. ಅಂದರೆ ಗೆಲ್ಲಬೇಕಾದ ಒಂದು ಗೇಮು ಡ್ರಾ ಆದರೆ ಮೊದಲನೆಯವಳಿಗೆ ಹತ್ತು ಅಂಕದ ವ್ಯತ್ಯಾಸ, ಎರಡನೆಯವಳಿಗೆ ಐದು, ಹುಡುಗಿಗೆ ಇಪ್ಪತ್ತು. ಗುಣಕ 20 ಇರುವವಳಿಗೆ ಮೊದಲು ಹೇಳಿದ ಏಳು ಅಂಕದ ಅಂತರ ಅರ್ಧ ಗೇಮಿನಷ್ಟೂ ಇಲ್ಲ. ಸಂಜೆ ಆರು ಗಂಟೆಗೆ, ಐದನೆಯ ಗಂಟೆಯ ಆಟದಲ್ಲಿ, ಆನೆ-ಪದಾತಿಯ ಅಂತ್ಯಾಟವೊಂದರಲ್ಲಿ ರಾಜನನ್ನು ಒಂದು ಮನೆ ತಪ್ಪಾಗಿ ಇಟ್ಟದ್ದಕ್ಕೆ ಡ್ರಾ ಆದ ಒಂದೇ ಗೇಮು ಒಬ್ಬಳನ್ನು ಒಲಿಂಪಿಯಾಡ್‌ಗೆ ಕಳಿಸಿ ಇನ್ನೊಬ್ಬಳನ್ನು ಮನೆಯಲ್ಲಿ ಕೂರಿಸಬಲ್ಲದು.

ಇದನ್ನು ತಪ್ಪಿಸಲೆಂದು ಒಂದು ದಿನದ ಪಟ್ಟಿಯ ಬದಲು ಆರು ತಿಂಗಳ ಪಟ್ಟಿಗಳ ಸರಾಸರಿ ತೆಗೆಯಬೇಕು ಎನ್ನುತ್ತಾರೆ. ಸರಾಸರಿ ಅದೃಷ್ಟದ ಏರಿಳಿತವನ್ನು ತಗ್ಗಿಸುತ್ತದೆ, ನಿಜ. ಆದರೆ ಬೆಳೆಯುತ್ತಿರುವವಳನ್ನು ಅದು ಹಿಂದಕ್ಕೆ ಎಳೆಯುತ್ತದೆ. ಹದಿನೇಳರ ಹುಡುಗಿಯೊಬ್ಬಳು ಜನವರಿಯಲ್ಲಿ 2310, ಆಮೇಲೆ ತಿಂಗಳಿಗೆ ಇಪ್ಪತ್ತರಂತೆ ಏರಿ ಜೂನ್‌ನಲ್ಲಿ 2410 ಮುಟ್ಟಿದಳು ಎನ್ನಿ, ಸರಾಸರಿ 2360. ಅನುಭವಿಯೊಬ್ಬಳು ಜನವರಿಯಲ್ಲಿ 2400ರಲ್ಲಿದ್ದು ತಿಂಗಳಿಗೆ ಎಂಟರಂತೆ ಇಳಿದು ಜೂನ್‌ನಲ್ಲಿ 2360ಕ್ಕೆ ಬಂದಳು, ಸರಾಸರಿ 2380. ಸರಾಸರಿಯ ನಿಯಮ ಕುರ್ಚಿಯನ್ನು ಅನುಭವಿಗೆ ಕೊಡುತ್ತದೆ, ಇಂದು ಹುಡುಗಿ ಐವತ್ತು ಅಂಕ ಮುಂದಿದ್ದರೂ. ಸೆಪ್ಟೆಂಬರಿನಲ್ಲಿ ಎದುರಾಳಿಯ ಮುಂದೆ ಕೂರುವವಳು ಜನವರಿಯ ಆಟಗಾರ್ತಿಯಲ್ಲ. ಹಾಗಾಗಿ ಪಟ್ಟಿಗಳನ್ನು ಬಿಟ್ಟು ಗೇಮುಗಳನ್ನೇ ಎಣಿಸುವುದು ಮೇಲು ಎಂದು ನನಗೆ ಅನ್ನಿಸುತ್ತದೆ. ಕಳೆದ ನಲವತ್ತು ಅಧಿಕೃತ ಗೇಮುಗಳಲ್ಲಿ, ಎದುರಾಳಿಗಳ ಬಲವನ್ನು ಲೆಕ್ಕಕ್ಕೆ ತೆಗೆದುಕೊಂಡು, ಆಕೆ ಯಾವ ಮಟ್ಟದಲ್ಲಿ ಆಡಿದ್ದಾಳೆ ಎಂದು ನೋಡಬೇಕು. ಇತ್ತೀಚಿನ ಇಪ್ಪತ್ತಕ್ಕೆ ಹೆಚ್ಚು ತೂಕ ಕೊಡಬೇಕು. ಅವು ಮಹಿಳೆಯರ ಟೂರ್ನಿಯಲ್ಲಿ ಆಡಿದ್ದೋ ಓಪನ್‌ನಲ್ಲೋ, ದೇಶದಲ್ಲೋ ವಿದೇಶದಲ್ಲೋ ಎಂಬುದು ಲೆಕ್ಕಕ್ಕೆ ಬರಬಾರದು. ಹೀಗೆ ಎಣಿಸಿದ ಮೇಲೂ ಇಬ್ಬರ ನಡುವೆ ಹತ್ತು ಅಂಕದೊಳಗಿನ ಅಂತರ ಉಳಿದರೆ ಅವರು ಸಮಾನರು ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು ಇಬ್ಬರನ್ನೂ ಎದುರುಬದುರು ಕೂರಿಸಿ ನಾಲ್ಕು ಗೇಮು ಆಡಿಸಬಹುದು. ಹನ್ನೊಂದು ಜನರ ಆಟಗಳಲ್ಲಿ ಇದು ಆಗದ ಮಾತು. ಚೆಸ್ಸಿಗೆ ಬೇಕಿರುವುದು ಒಂದು ಬೋರ್ಡು, ಒಂದು ಗಡಿಯಾರ, ನಾಲ್ಕು ದಿನ. ನಾಲ್ಕು ಗೇಮಿನಲ್ಲೂ ಅದೃಷ್ಟ ಇರುತ್ತದೆ. ಆದರೆ ಅದು ಇಬ್ಬರೂ ತಮ್ಮ ಕೈಯಾರೆ ಕಾಯಿ ನಡೆಸಿ ಎದುರಿಸಿದ ಅದೃಷ್ಟ.

ಈಗ ನಾನು ಉಳಿಸಿಕೊಂಡ ಒಂದೇ ಪ್ರಶ್ನೆಯತ್ತ ಬರಬೇಕು: ಸಾಕಷ್ಟು ಆಟ ಎಂದರೆ ಎಷ್ಟು? ಆಡದೆ ಕೂತವರ ರೇಟಿಂಗ್ ಇಳಿಯುವುದಿಲ್ಲ. ಒಂದು ವರ್ಷ ಒಂದೂ ಗೇಮು ಆಡದಿದ್ದರೆ ಹೆಸರಿನ ಮುಂದೆ ನಿಷ್ಕ್ರಿಯ ಎಂಬ ಗುರುತು ಬೀಳುತ್ತದೆ, ಅಷ್ಟೇ. ಆದ್ದರಿಂದ ಎತ್ತರದ ರೇಟಿಂಗ್ ಒಂದನ್ನು ಮುಟ್ಟಿ, ಆಯ್ಕೆ ಮುಗಿಯುವವರೆಗೆ ಬೋರ್ಡಿನ ಹತ್ತಿರ ಸುಳಿಯದೆ ಅದನ್ನು ಕಾಪಿಟ್ಟುಕೊಳ್ಳುವ ಆಸೆ ಯಾರಿಗಾದರೂ ಬರಬಹುದು. ಕನಿಷ್ಠ ಇಷ್ಟು ಗೇಮು ಆಡಿರಬೇಕು ಎಂಬ ನಿಯಮ ಬೇಕಾಗುವುದು ಅದಕ್ಕೇ. ಅಂಥ ನಿಯಮ ಹೇಗೆ ಜಾರಬಲ್ಲದು ಎಂಬುದಕ್ಕೆ ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ 2022ರ ಕ್ಯಾಂಡಿಡೇಟ್ಸ್ ಟೂರ್ನಿ ಸಾಕ್ಷಿ. ರೇಟಿಂಗ್ ಮೂಲಕ ಜಾಗ ಪಡೆಯಲು 30 ಗೇಮುಗಳು ಬೇಕಿದ್ದವು. ಕೋವಿಡ್ ನಿರ್ಬಂಧಗಳಿಂದ ಚೀನಾ ಬಿಟ್ಟು ಹೊರಬರಲಾಗದೆ ಡಿಂಗ್ ಲಿರೆನ್ ಆಡಿದ್ದು ಬೆರಳೆಣಿಕೆಯಷ್ಟು ಮಾತ್ರ. ಸೆರ್ಗೆಯ್ ಕಾರ್ಯಾಕಿನ್ ನಿಷೇಧಕ್ಕೊಳಗಾಗಿ ಒಂದು ಜಾಗ ತೆರೆದಾಗ ಚೀನಾದ ಒಕ್ಕೂಟ ಕೆಲವೇ ವಾರಗಳಲ್ಲಿ ದೇಶದೊಳಗೇ ಸಾಲುಸಾಲು ಪಂದ್ಯ ಏರ್ಪಡಿಸಿ ಅವರ ಲೆಕ್ಕ ತುಂಬಿಸಿತು. ಡಿಂಗ್ ಆ ಜಾಗಕ್ಕೆ ಎಲ್ಲ ರೀತಿಯಲ್ಲೂ ಯೋಗ್ಯರಾಗಿದ್ದರು, ಮರುವರ್ಷ ವಿಶ್ವ ಚಾಂಪಿಯನ್ನೂ ಆದರು. ಅವರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಹಾಗೆ ಪಂದ್ಯ ಏರ್ಪಡಿಸಬಲ್ಲ ಬೆಂಬಲ ಎಲ್ಲರಿಗೂ ಇರುವುದಿಲ್ಲ. ಕನಿಷ್ಠ ಗೇಮುಗಳ ನಿಯಮ ಮಾಡುವಾಗ ಅವು ಕಾಲದಲ್ಲಿ ಹರಡಿರಬೇಕು, ಅರ್ಧಕ್ಕಿಂತ ಹೆಚ್ಚು ಗೇಮುಗಳು ಕೊನೆಯ ಮೂರು ತಿಂಗಳಿಗೆ ಮೊದಲೇ ಆಡಿದ್ದಾಗಿರಬೇಕು, ಒಬ್ಬರಿಗೋಸ್ಕರವೇ ಏರ್ಪಟ್ಟ ಪಂದ್ಯಗಳು ಲೆಕ್ಕಕ್ಕೆ ಬರಬಾರದು ಎಂಬ ಮೂರು ಮಾತು ಸೇರಿಸಿದರೆ ಸಂಖ್ಯೆ ಇಪ್ಪತ್ತೈದೋ ಮೂವತ್ತೋ ಎಂಬುದು ದೊಡ್ಡ ವಿಷಯವಲ್ಲ.

ಮಹಿಳಾ ತಂಡದ ವಿಷಯದಲ್ಲಿ ಈ ನಿಯಮಕ್ಕೆ ಇನ್ನೊಂದು ಮುಖವಿದೆ. ಓಪನ್ ತಂಡದ ನಿಯಮವನ್ನು ಹಾಗೇ ನಕಲು ಮಾಡಿಕೊಂಡರೆ ಅದು ಕಣ್ಣಿಗೆ ಬೀಳುವುದಿಲ್ಲ. ಒಲಿಂಪಿಯಾಡ್ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಬಸಿರು, ಹೆರಿಗೆ, ಮಗುವಿನ ಮೊದಲ ವರ್ಷ ಸೇರಿದರೆ ಆ ಎರಡು ವರ್ಷ ಹೆಚ್ಚೂಕಡಿಮೆ ಮುಗಿದುಹೋಗುತ್ತದೆ. ಹನ್ನೆರಡು ತಿಂಗಳಲ್ಲಿ ಮೂವತ್ತು ಗೇಮು ಎಂಬ ಷರತ್ತು ಗಂಡಸಿನ ಮಟ್ಟಿಗೆ ಶ್ರದ್ಧೆಯ ಪರೀಕ್ಷೆ. ತಾಯಿಯಾದವಳ ಮಟ್ಟಿಗೆ ಅದು ಬಾಗಿಲು ಮುಚ್ಚಿದ ಸದ್ದು. 2022ರಲ್ಲಿ ಮಾಮಲ್ಲಪುರಂ ಒಲಿಂಪಿಯಾಡ್‌ನಲ್ಲಿ ಹರಿಕಾ ಆಡಿದ್ದು ತುಂಬು ಗರ್ಭಿಣಿಯಾಗಿ. ನಾಲ್ಕೈದು ಗಂಟೆ ನಡೆಯುವ ಗೇಮುಗಳು, ಎದ್ದು ಓಡಾಡಿ ಮತ್ತೆ ಬಂದು ಕೂರುವುದು. ತಂಡ ಕಂಚು ಗೆದ್ದ ಕೆಲವೇ ವಾರಗಳಲ್ಲಿ ಅವರಿಗೆ ಮಗುವಾಯಿತು. ಆ ಸಾಧನೆಗೆ ದೇಶವೆಲ್ಲ ಚಪ್ಪಾಳೆ ತಟ್ಟಿತು, ತಟ್ಟಬೇಕಾದದ್ದೇ. ಆದರೆ ಒಂಬತ್ತನೆಯ ತಿಂಗಳಲ್ಲಿ ಆಡುವ ಧೈರ್ಯವನ್ನು ಯಾವ ನಿಯಮವೂ ಅಳತೆಗೋಲಾಗಿ ಇಟ್ಟುಕೊಳ್ಳಬಾರದು. ಆಡಲಾಗದೆ ಒಂದು ವರ್ಷ ದೂರ ಉಳಿದವಳೂ ಅಷ್ಟೇ ಒಳ್ಳೆಯ ಆಟಗಾರ್ತಿಯಾಗಿರಬಲ್ಲಳು. ಹಂಪಿ 2017ರಲ್ಲಿ ತಾಯಿಯಾದರು. ದೀರ್ಘ ವಿರಾಮದ ನಂತರ ಅವರು ಬೋರ್ಡಿಗೆ ಮರಳಿದ್ದೇ 2018ರ ಬಟೂಮಿ ಒಲಿಂಪಿಯಾಡ್‌ನಲ್ಲಿ. ಆ ಸಲ ಭಾರತಕ್ಕೆ ಪದಕ ಬರಲಿಲ್ಲ. ಆದರೆ ಮರುವರ್ಷದ ಡಿಸೆಂಬರಿನಲ್ಲಿ ಅವರು ವಿಶ್ವ ರ್‍ಯಾಪಿಡ್ ಚಾಂಪಿಯನ್, 2024ರಲ್ಲಿ ಮತ್ತೊಮ್ಮೆ. ಹನ್ನೆರಡು ತಿಂಗಳ ಗೇಮುಗಳನ್ನು ಎಣಿಸುವ ನಿಯಮವೊಂದು ಬಟೂಮಿಯ ಬಾಗಿಲಲ್ಲಿ ನಿಂತಿದ್ದರೆ ಅವರನ್ನು ತಡೆಯುತ್ತಿತ್ತು.

ಇದಕ್ಕೆ ಎದುರಾಗುವ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ತಾಯಿಗೆ ರಿಯಾಯಿತಿ ಕೊಟ್ಟರೆ, ಎರಡು ವರ್ಷ ಒಂದೇ ಸಮನೆ ದುಡಿದು ಆಡಿದ ಇನ್ನೊಬ್ಬ ಹೆಣ್ಣುಮಗಳ ಕುರ್ಚಿಯನ್ನೇ ತಾನೇ ಕಿತ್ತುಕೊಟ್ಟಂತೆ? ಆರಂಭ ಸಿದ್ಧಾಂತಗಳು ಆರು ತಿಂಗಳಿಗೆ ಬದಲಾಗುವ ಈ ಕಾಲದಲ್ಲಿ ಒಂದು ವರ್ಷ ದೂರವಿದ್ದವಳ ಆಟಕ್ಕೆ ತುಕ್ಕು ಹಿಡಿದಿರುವುದಿಲ್ಲವೇ? ಹಿಡಿದಿರಬಹುದು. ಹಾಗಾಗಿ ನಾನು ಹೇಳುತ್ತಿರುವುದು ಕುರ್ಚಿಯನ್ನು ಕಾದಿರಿಸುವ ಮಾತಲ್ಲ. ಎಣಿಕೆಯ ಕಾಲಾವಧಿಯನ್ನು ಹಿಂದಕ್ಕೆ ಚಾಚಬೇಕು, ಅಷ್ಟೇ. ಹದಿನಾಲ್ಕು ತಿಂಗಳು ಆಡದಿದ್ದರೆ ನಲವತ್ತು ಗೇಮುಗಳನ್ನು ಹುಡುಕುವಾಗ ಆ ಹದಿನಾಲ್ಕು ತಿಂಗಳನ್ನು ಕ್ಯಾಲೆಂಡರಿನಲ್ಲಿ ಇಲ್ಲವೆಂದೇ ಭಾವಿಸಿ ಅದರ ಹಿಂದಿನ ಗೇಮುಗಳನ್ನು ಎಣಿಸುವುದು, ಜೊತೆಗೆ ಮರಳಿದ ಮೇಲೆ ಒಂದು ಟೂರ್ನಿಯನ್ನಾದರೂ, ಒಂಬತ್ತು ಗೇಮುಗಳನ್ನು, ಆಡಿರಬೇಕು ಎನ್ನುವುದು. ಒಲಿಂಪಿಯಾಡ್‌ಗೆ ಮೊದಲು ಅಷ್ಟಕ್ಕೂ ಕಾಲ ಸಾಲದಿದ್ದರೆ ಒಕ್ಕೂಟವೇ ಒಂದು ತರಬೇತಿ ಪಂದ್ಯ ಏರ್ಪಡಿಸಿ ನೋಡಬಹುದು. ತುಕ್ಕು ಹಿಡಿದಿದ್ದರೆ ಅಲ್ಲೇ ಕಾಣುತ್ತದೆ, ಆಕೆ ಬೇರೆಯವರ ಹಿಂದೆ ಸರಿಯುತ್ತಾಳೆ. ಪರಿಗಣನೆಯ ಹಕ್ಕು ಉಳಿಯಿತು, ಕುರ್ಚಿ ಮಾತ್ರ ಆಡಿ ಗೆದ್ದವಳಿಗೇ ಹೋಯಿತು. ಕಾಯಿಲೆ ಬಿದ್ದವಳಿಗೂ ಇದೇ ಲೆಕ್ಕ ಸಲ್ಲಬೇಕು.

ಆಯ್ಕೆಯ ಪರಿಣತಿಯನ್ನೆಲ್ಲ ಸೂತ್ರಕ್ಕೆ ಒಪ್ಪಿಸಿಬಿಡುವುದೇ, ಕಣ್ಣಿದ್ದ ಅನುಭವಿಗಳ ವಿವೇಚನೆಗೆ ಜಾಗವೇ ಬೇಡವೇ ಎಂಬ ಆಕ್ಷೇಪಣೆ ಕೊನೆಯದು. ತಂಡದ ಆಟ ಒಂಟಿ ಆಟವಲ್ಲ. ಪಂದ್ಯ ಕೈ ತಪ್ಪುತ್ತಿದೆ ಎಂದು ಪಕ್ಕದ ಬೋರ್ಡಿನತ್ತ ಕಣ್ಣು ಹಾಯಿಸಿ, ಡ್ರಾ ಮಾಡಿ ಏಳಬಹುದಾದ ಸ್ಥಿತಿಯಲ್ಲಿ ಗೆಲುವಿಗೆ ಕೈ ಹಾಕುವ ಗುಂಡಿಗೆ ಎಲ್ಲರಿಗೂ ಇರುವುದಿಲ್ಲ. ರೇಟಿಂಗ್ ಅದನ್ನು ತೋರಿಸುವುದೂ ಇಲ್ಲ. ಬುಡಾಪೆಸ್ಟ್‌ನಲ್ಲಿ ಆಡದ ನಾಯಕನಾಗಿದ್ದ ಅಭಿಜಿತ್ ಕುಂಟೆ ಅಂಥವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಆ ವಿವೇಚನೆಗೆ ಜಾಗವಿದೆ, ಧಾರಾಳವಾಗಿಯೇ ಇದೆ: ಯಾರನ್ನು ಯಾವ ಬೋರ್ಡಿಗೆ ಕೂರಿಸುವುದು, ಹನ್ನೊಂದು ಸುತ್ತುಗಳಲ್ಲಿ ಯಾವತ್ತು ಯಾರಿಗೆ ವಿಶ್ರಾಂತಿ, ಯಾರ ಎದುರು ಯಾವ ಆರಂಭ. ದಿವ್ಯಾಗೆ ಮೂರನೆಯ ಬೋರ್ಡಿನಲ್ಲೂ ವಂತಿಕಾಗೆ ನಾಲ್ಕನೆಯದರಲ್ಲೂ ವೈಯಕ್ತಿಕ ಚಿನ್ನ ಬಂದದ್ದರಲ್ಲಿ ಅಂಥ ತೀರ್ಮಾನಗಳ ಪಾಲೂ ಇತ್ತು. ಐವರು ಯಾರು ಎನ್ನುವಲ್ಲಿ ಮಾತ್ರ ವಿವೇಚನೆ ಬಿಗಿಯಾದ ಮಿತಿಯೊಳಗಿರಬೇಕು. ಸೂತ್ರ ಹೇಳಿದವಳನ್ನು ಬಿಟ್ಟು ಬೇರೊಬ್ಬಳನ್ನು ಆರಿಸಲೇಬೇಕೆಂದು ಸಮಿತಿಗೆ ಅನ್ನಿಸಿದರೆ ಅದು ಐದನೆಯ ಕುರ್ಚಿಗೆ ಮಾತ್ರ ಆಗಲಿ, ಕಾರಣವನ್ನು ಬರೆದು ಸಹಿ ಹಾಕಿ ತಂಡ ಪ್ರಕಟವಾದ ದಿನವೇ ಪ್ರಕಟಿಸಲಿ. ಬರೆಯಲು ಮುಜುಗರವಾಗುವ ಕಾರಣಗಳು ಆಗ ತಾವಾಗಿಯೇ ಹಿಂದೆ ಸರಿಯುತ್ತವೆ.

ಇವೆಲ್ಲಕ್ಕೂ ಮುಂಚಿನ ಮಾತೊಂದಿದೆ. ನಿಯಮ ಯಾವುದೇ ಇರಲಿ, ಎಣಿಕೆಗೆ ಬರುವ ಮೊದಲ ಗೇಮು ಶುರುವಾಗುವುದಕ್ಕೆ ಮುಂಚೆ ಅದು ಎಲ್ಲರ ಕೈಯಲ್ಲಿರಬೇಕು. ಒಲಿಂಪಿಯಾಡ್‌ಗೆ ನಾಲ್ಕು ತಿಂಗಳಿರುವಾಗ ಪ್ರಕಟವಾಗುವ ನಿಯಮವನ್ನು ಎಷ್ಟೇ ನ್ಯಾಯವಾಗಿ ಬರೆದಿದ್ದರೂ ಓದುವವರು ಅದರಲ್ಲಿ ಹೆಸರುಗಳನ್ನೇ ಹುಡುಕುತ್ತಾರೆ. ಹಿಂದಿನ ಒಲಿಂಪಿಯಾಡ್ ಮುಗಿದ ತಿಂಗಳೊಳಗೆ, ಇನ್ನೂ ಯಾರು ಮುಂದೆ ಬರುತ್ತಾರೆಂದು ಯಾರಿಗೂ ಗೊತ್ತಿಲ್ಲದಾಗ ಬರೆದ ನಿಯಮಕ್ಕೆ ಆ ಅನುಮಾನ ಅಂಟುವುದಿಲ್ಲ. ಆಗ ಬೆಳಗಾವಿಯಲ್ಲೋ ಭುವನೇಶ್ವರದಲ್ಲೋ ಓಪನ್ ಟೂರ್ನಿಯೊಂದರ ಏಳನೆಯ ಸುತ್ತಿಗೆ ಕೂತ ಹುಡುಗಿಗೆ ತನ್ನ ಎದುರಿನ ಗೇಮು ಯಾವುದಕ್ಕೆ ಎಷ್ಟು ಲೆಕ್ಕ ಎಂದು ಗೊತ್ತಿರುತ್ತದೆ. ಮನೆಯವರು ಯಾವ ಟೂರ್ನಿಗೆ ಸಾಲ ಮಾಡಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಬಹುದು. ತಂಡ ಪ್ರಕಟವಾದ ದಿನ ಐವರ ಹೆಸರಿನ ಜೊತೆ ಆರನೆಯ, ಏಳನೆಯವರ ಲೆಕ್ಕವೂ ಹೊರಬೀಳಲಿ. ಯಾವ ನಲವತ್ತು ಗೇಮುಗಳನ್ನು ಎಣಿಸಿದೆವು, ಯಾವ ಮಟ್ಟ ಬಂತು, ಐದನೆಯವಳಿಗೂ ಆರನೆಯವಳಿಗೂ ಎಷ್ಟು ಅಂತರ ಎಂದು ಒಂದು ಹಾಳೆಯಲ್ಲಿ ಬರೆದು ಆರನೆಯವಳ ಕೈಗೆ ಮೊದಲು ಕೊಡಲಿ. ಮುಂದಿನ ಎರಡು ವರ್ಷ ಆಕೆ ಆ ಹಾಳೆ ಇಟ್ಟುಕೊಂಡೇ ಆಡುತ್ತಾಳೆ.